ರೋಮ್ ಚಕ್ರವರ್ತಿಯ ಕೂದಲು

ಕಳೆದ ವಾರ ನಾನು ಇಡೀ ಯುರೋಪನ್ನು ಬೌದ್ಧ ಧರ್ಮಕ್ಕೆ ಸೇರಿಸಿಬಿಟ್ಟೆ. ಒಂದು ತಲೆ ಬೋಳಿಸುವುದು ಮಾತ್ರ ನನ್ನ ಕೈಲಾಗಲಿಲ್ಲ.

ವಿಷಯ ಇಷ್ಟೇ. ಇಲ್ಲಿ ಅಮೆರಿಕದ ಸಮಾಮಿಶ್‌ನಲ್ಲಿ ನಮ್ಮ ಕನ್ನಡದವರ ಕಾರ್ಯಕ್ರಮಕ್ಕೆ ನಾನೊಂದು ನಾಟಕ ಬರೆದಿದ್ದೆ. ಅಶೋಕ ಪಶ್ಚಿಮಕ್ಕೆ ಕಳಿಸಿದ ಭಿಕ್ಷುಗಳ ಶಿಷ್ಯಂದಿರು ನಡೆಯುತ್ತಾ ನಡೆಯುತ್ತಾ ರೋಮ್ ತಲುಪಿಬಿಟ್ಟಿದ್ದರೆ? ಕೊನೆಯ ದೃಶ್ಯದಲ್ಲಿ ಚಕ್ರವರ್ತಿ ಕಿರೀಟ ತೆಗೆಯುತ್ತಾನೆ. ಒಳಗೆ ನುಣ್ಣನೆಯ ಬೋಳುತಲೆ. ಇಡೀ ನಾಟಕ ನಿಂತಿದ್ದೇ ಆ ಒಂದು ಕ್ಷಣದ ಮೇಲೆ. (ಬರೆದವಳಿಗೆ ಇಷ್ಟಾದರೂ ಜಂಬ ಬೇಡವಾ?)

ಚಕ್ರವರ್ತಿ ನನ್ನ ಗಂಡ ಪ್ರಸನ್ನ. ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಕೂದಲಿನ ವಿಷಯಕ್ಕೆ ಬಂದರೆ ಸಿನಿಮಾ ಹೀರೋ.

ಮೊದಲು ಆನ್‌ಲೈನ್‌ನಲ್ಲಿ ರಬ್ಬರಿನ ಬೋಳುತಲೆ ತರಿಸಿದೆವು. ಬಂದದ್ದು ಅಚ್ಚ ಗುಲಾಬಿ ಬಣ್ಣದ್ದು. ಹಾಕಿ ನೋಡಿದರೆ ಮುಖ ಮೈಸೂರಿನದು, ತಲೆ ಮಾತ್ರ ರೋಮಿನದು. ಮಗಳು ಒಮ್ಮೆ ನೋಡಿ, "ಅಪ್ಪ ಲುಕ್ಸ್ ಲೈಕ್ ಎ ಪೆನ್ಸಿಲ್" ಅಂದಳು. ಹೌದು, ತುದಿಯಲ್ಲಿ ಗುಲಾಬಿ ರಬ್ಬರ್ ಇರುತ್ತದಲ್ಲ, ಅದೇ ಪೆನ್ಸಿಲ್.

ಅಂದಮೇಲೆ ನಿಜವಾಗಿಯೇ ಬೋಳಿಸಬೇಕು. ಪ್ರಸನ್ನ ತಕ್ಷಣ ಮೈಸೂರಿಗೆ ವಿಡಿಯೋ ಕಾಲ್ ಮಾಡಿದ. ವರ್ಷಾನುಗಟ್ಟಲೆ ಅಮ್ಮನ ಒಂದು ಮಾತೂ ಕೇಳದವನಿಗೆ ಅವತ್ತು ಅಮ್ಮನ ಅಪ್ಪಣೆ ಬೇಕಾಯಿತು.

ಅತ್ತೆ ಅವನಿಗೆ ನಿರಾಸೆ ಮಾಡಲಿಲ್ಲ. ಅಪ್ಪ ಇರುವಾಗ ಮಗ ತಲೆ ಬೋಳಿಸಿಕೊಂಡರೆ ಅಪಶಕುನವಂತೆ. "ತಿರುಪತಿಗಾದ್ರೆ ಸರಿ. ನಾಟಕಕ್ಕೆ ಯಾರಾದ್ರೂ ಮುಡಿ ಕೊಡ್ತಾರೇನೋ?" ಅಂದರು. ಪ್ರಸನ್ನ ನನ್ನತ್ತ ತಿರುಗಿ, ನಾನೇನು ಮಾಡಲಿ ಎಂಬಂತೆ ಮುಖ ಮಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಅತ್ತೆಯ ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಮಾವ ಫೋನ್ ಕೈಗೆ ತೆಗೆದುಕೊಂಡರು. "ನನಗೇನೂ ಆಗಲ್ಲ ಕಣೋ, ಬೋಳಿಸ್ಕೋ. ಅವಳು ಅಷ್ಟು ಕಷ್ಟಪಟ್ಟು ಬರ್ದಿದಾಳೆ."

ಆಗ ನೋಡಬೇಕಿತ್ತು ಮಗರಾಯನ ಮುಖ. ಸೋಮವಾರ ಮೀಟಿಂಗ್ ಇದೆ, ಚಳಿ ಬೇರೆ, ಡ್ರೈವಿಂಗ್ ಲೈಸೆನ್ಸಿನ ಫೋಟೊ ಹೊಂದುವುದಿಲ್ಲ ಎಂದೆಲ್ಲ ಶುರುವಾಯಿತು. ಅಪಶಕುನದ ಸುದ್ದಿಯೇ ಇಲ್ಲ.

ಶನಿವಾರ ಚಕ್ರವರ್ತಿ ಕಿರೀಟ ತೆಗೆದ. ಒಳಗಿಂದ ಸೊಂಪಾದ ಕೂದಲು ಹೊರಬಂತು (ಜೆಲ್ ಬೇರೆ ಹಚ್ಚಿಕೊಂಡಿದ್ದ). ಹಾಗೆಯೇ ಬುದ್ಧನಿಗೆ ಶರಣಾದ. ಜನ ಬಿದ್ದು ಬಿದ್ದು ನಕ್ಕರು. ಪರದೆಯ ಹಿಂದೆ ನನಗೆ ಅಳು ಬರುವುದೊಂದು ಬಾಕಿ.

ಬುದ್ಧ ಯುರೋಪಿಗೆ ಯಾಕೆ ಹೋಗಲಿಲ್ಲ ಎಂದರೆ ಪಂಡಿತರು ಮರುಭೂಮಿ, ಯುದ್ಧ, ಭಾಷೆ ಎಂದು ಏನೇನೋ ಕಾರಣ ಕೊಡುತ್ತಾರೆ. ಅಲ್ಲಿನ ಗಂಡಸರಿಗೆ ತಲೆ ಬೋಳಿಸಿಕೊಳ್ಳಿ ಅಂತ ಯಾರಾದರೂ ಹೇಳಿ ನೋಡಿದ್ದರಾ?