ಏಕಾದಶಿಯ ದಿನ ಕುಡಿಯದ ನೀರು

ಇವತ್ತು ಕತ್ತಲಿರುವಾಗಲೇ ಎದ್ದು ಸ್ನಾನ ಮಾಡಿದೆ. ನೆನೆಹಾಕಿದ ಹೆಸರುಬೇಳೆ ಬಸಿದು ಕೋಸಂಬರಿಗೆ ಇಟ್ಟೆ. ಹುಣಸೆಹಣ್ಣು, ಮೆಣಸಿನಕಾಯಿ ಇಲ್ಲದ ದ್ವಾದಶಿ ಅಡುಗೆ ಮಾಡಿದೆ. ಪಾಲಕ್ ಬಿಡಿಸಿ, ಮಣ್ಣು ಹೋಗುವ ತನಕ ನೀರು ಬದಲಿಸಿ ತೊಳೆದೆ. ಹಾಲಿನವನಿಗೆ ನಾಳೆ ಕಡಿಮೆ ಹಾಕು ಎಂದೆ. ಮಗಳ ಕುರ್ತಾದ ಗುಂಡಿ ಹೊಲಿದೆ. ನೀರಿನ ಫಿಲ್ಟರ್ ಬಿಚ್ಚಿ ಉಜ್ಜಿದೆ. ಬಾಲ್ಕನಿಯಲ್ಲಿ ಬೋರಲು ಹಾಕಿದ್ದ ಖಾಲಿ ಬಾಟಲಿಗಳಿಗೆ ಮುಚ್ಚಳ ಹೊಂದಿಸಿ ಚೀಲಕ್ಕೆ ತುಂಬಿದೆ. ಸಂಜೆ ಕೂತು ಪಾಪಡಿಯ ನಾರು ತೆಗೆದೆ. ಪಾಪಡಿ ಎಂದರೆ ಇಲ್ಲಿಯವರ ಎಳೆ ಅವರೆಕಾಯಿ. ಚಳಿಗಾಲದಲ್ಲಿ ಇದಿಲ್ಲದೆ ಗುಜರಾತಿನ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ.

ಬಾಟಲಿಗಳು ಇವರವು. ನನ್ನ ಗಂಡ ಕೃಷಿ ನೀರಿನ ಸಂಶೋಧನೆ ಮಾಡುವ ಸಂಸ್ಥೆಯೊಂದರಲ್ಲಿದ್ದಾರೆ. ಹೊಲದ ಬಾವಿಯ ನೀರಿನಲ್ಲಿ ಉಪ್ಪೆಷ್ಟು, ಕಾರ್ಖಾನೆಯದ್ದೇನಾದರೂ ಬಂದು ಸೇರಿದೆಯೇ, ಆ ನೀರನ್ನು ಯಾವ ಬೆಳೆಗೆ ಹೇಗೆ ಬಿಟ್ಟರೆ ನೆಲ ಕೆಡುವುದಿಲ್ಲ ಎಂದು ನೋಡುವುದು ಕೆಲಸ. ವಿಷ ನೋಡುವ ಬಾಟಲಿಗಳು ಮನೆಗೆ ಬರುವುದೇ ಇಲ್ಲ. ಉಪ್ಪು ನೋಡುವವನ್ನು ಮಾತ್ರ ಮನೆಯಲ್ಲಿ ಒಣಗಿಸಲು ನನಗೆ ಅಪ್ಪಣೆಯಿದೆ. ಬಾಗಲಕೋಟೆ ಕಡೆಯಿಂದ ಬಂದ ನಾವು ನಗರದ ಪಶ್ಚಿಮ ಬದಿಯ ಬೋಡಕ್‌ದೇವ್‌ನ ಈ ಫ್ಲ್ಯಾಟಿಗೆ ಬಂದಾಗಿನಿಂದ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಆ ಬಾಟಲಿಗಳು ಇದ್ದೇ ಇವೆ.

ನಮ್ಮ ಸೊಸೈಟಿಯ ಗೇಟಿನ ಬಳಿ ವರ್ಷಗಳಿಂದ ಒಬ್ಬಾಕೆ ತರಕಾರಿ ಮಾರುತ್ತಾಳೆ. ಹೊಲ ವಟ್ವಾದ ಆಚೆ, ಬಣ್ಣದ ಕಾರ್ಖಾನೆಗಳು ಮುಗಿದು ಊರುಗಳು ಶುರುವಾಗುವಲ್ಲಿ. ಈ ಕಡೆ ಬೆಲೆ ಚೆನ್ನಾಗಿ ಬರುತ್ತದೆಂದು ಅಕ್ಕಪಕ್ಕದ ಹೊಲದವರ ಜೊತೆ ಟೆಂಪೋದಲ್ಲಿ ನಗರ ದಾಟಿ ಬರುತ್ತಾಳೆ. ಆಕೆ ನನ್ನನ್ನು ಬೆನ್, ಅಂದರೆ ಅಕ್ಕ, ಎನ್ನುತ್ತಾಳೆ, ನಾನೂ ಆಕೆಯನ್ನು ಬೆನ್ ಎನ್ನುತ್ತೇನೆ. ಆಕೆಯ ಮಾತು ಗುಜರಾತಿ. ಆದರೆ ನನ್ನ ಕಿವಿಗೆ ಅದು ಎಷ್ಟೋ ವರ್ಷದಿಂದ ನಮ್ಮ ಊರಿನ ಮಾತಿನ ಹಾಗೆಯೇ ಬೀಳುತ್ತದೆ. ಹಾಗೆಯೇ ಬರೆಯುತ್ತೇನೆ.

ಈ ಚಳಿಗಾಲದ ಶುರುವಿನಲ್ಲಿ ಒಂದು ದಿನ ಆಕೆ ತೂಗುವುದನ್ನು ನಿಲ್ಲಿಸಿ ಕೇಳಿದಳು, "ಬೆನ್, ನಿಮ್ಮ ಸಾಹೇಬ್ರು ನೀರು ನೋಡ್ತಾರಂತಲ್ಲ, ನಮ್ಮ ಬಾವಿದೂ ನೋಡಂತ ಹೇಳ್ರಿ."

"ಯಾಕ, ಏನಾತು?"

"ಈಗ ಎಲ್ಲಾರೂ ಕೇಳ್ತಾರ, ಇದು ವಟ್ವಾ ಕಡೀದೇನು ಅಂತ. ಹೌದಂದ್ರ ಕೈಯಾಗ ಹಿಡದಿದ್ದು ಬುಟ್ಟಿಗೆ ಇಟ್ಟು ಹೋಗ್ತಾರ. ಸುಳ್ಳು ಹೇಳಲಿಕ್ಕೆ ನನಗ ಬರಂಗಿಲ್ಲ. ಛಲೋ ಅದ ಅಂತ ಸಾಹೇಬ್ರ ಬಾಯಿಂದ ಬಂದ್ರ ಸಾಕು, ನಾ ಎದಿ ಉಬ್ಬಿಸಿ ಮಾರ್ತೀನಿ."

"ಕೆಟ್ಟದ್ದು ಅಂತ ಬಂದ್ರ?"

ಆಕೆ ತಕ್ಕಡಿ ಮತ್ತೆ ಎತ್ತಿದಳು. "ಬಂದ್ರ ಬರಲಿ. ಮೊಮ್ಮಕ್ಕಳೂ ಅದನ್ನ ತಿಂತಾವ," ಎಂದಳು.

ಇವರು ಒಪ್ಪಿದರು. ಹಿಂದಿನ ಏಕಾದಶಿ ರಜೆಯ ದಿನ ಬಂದಿತ್ತು. ಹೊಲ ನೋಡುವ ಆಸೆಗೆ ನಾನೂ ಕಾರು ಹತ್ತಿದೆ. ಪಂಪು ಹಾಕಿ, ಪೈಪಿನಲ್ಲಿ ನಿಂತ ಹಳೆಯ ನೀರು ಹೋಗಿ ಬಾವಿಯದು ಬರುವ ತನಕ ಇವರು ಸುಮ್ಮನೆ ನಿಂತರು. ಅದೇ ನೀರಿನಲ್ಲಿ ಬಾಟಲಿಗಳನ್ನು ಕುಲುಕಿ ಚೆಲ್ಲಿ, ಮತ್ತೆ ಕುಲುಕಿ ಚೆಲ್ಲಿ, ಆಮೇಲೆ ಕತ್ತಿನ ತನಕ ತುಂಬಿ, ಚೀಟಿ ಅಂಟಿಸಿ ಮಂಜುಗಡ್ಡೆಯ ಡಬ್ಬಿಯೊಳಗೆ ಇಟ್ಟರು. ಪಾಲಕ್ ಮಡಿಗಳು ಕಡುಹಸಿರಾಗಿದ್ದವು. ಪಾಪಡಿ ಬಳ್ಳಿಯ ಎಲೆಗಳ ಅಂಚು ಮಾತ್ರ ಅಲ್ಲಲ್ಲಿ ಸುಟ್ಟ ಹಾಗೆ ಕಂದಿತ್ತು. ಇವರು ಒಂದು ಎಲೆ ಕಿತ್ತು ತಿರುವಿ ನೋಡಿ ಜೇಬಿಗೆ ಹಾಕಿಕೊಂಡರು.

ಬೇವಿನ ಮರದ ಕೆಳಗೆ ಹಗ್ಗದ ಮಂಚ ಹಾಕಿದ್ದರು. ಕೂತಕೂಡಲೇ ಸೊಸೆ ತಟ್ಟೆಯಲ್ಲಿ ಎರಡು ಸ್ಟೀಲಿನ ಲೋಟ ನೀರು ತಂದಳು. ಇಲ್ಲಿಯ ರೀತಿ ಅದು. ಬಾಗಿಲಿಗೆ ಯಾರೇ ಬರಲಿ, ಮೊದಲು ನೀರು, ಆಮೇಲೆ ಮಾತು. ಪಕ್ಕದ ಹೊಲದ ಹೆಂಗಸರು, ಟೆಂಪೋ ಓಡಿಸುವವನು, ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು.

ಇವರು ಕೈಮುಗಿದರು. "ಇವತ್ತ ಬ್ಯಾಡ್ರಿ ಬೆನ್. ಏಕಾದಶಿ, ಉಪವಾಸ."

"ಅಗಿಯಾರಸ್ ನಮ್ಮಲ್ಲೂ ಅದ ಸಾಹೇಬ್. ನಾನೂ ಉಪವಾಸನ. ಮುಂಜಾನೆಯಿಂದ ಚಹಾ ಆತು, ಸಾಬೂದಾನಿ ಖಿಚಡಿ ಆತು, ಬಟಾಟಿ ಚಿಪ್ಸ್ ಆತು. ನೀರಿಗೆಂಥಾ ಉಪವಾಸ?"

"ನಮ್ಮಲ್ಲಿ ನೀರೂ ಕುಡಿಯಂಗಿಲ್ಲ."

ಆಕೆ ನನ್ನ ಕಡೆ ನೋಡಿದಳು. ನಾನೂ ಕೈಮುಗಿದೆ. ನನ್ನದೂ ಅದೇ ಉಪವಾಸ.

"ನೀರಿನ ಡಾಕ್ಟರ್‌ಗೇ ನೀರು ಬ್ಯಾಡಾತು ನೋಡ್ರಿ!" ಎಂದ ಟೆಂಪೋದವನು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಲೋಟಗಳು ತುಂಬಿದ ಹಾಗೆಯೇ ಒಳಗೆ ಹೋದವು. ದಾರಿಯಲ್ಲಿ ನನಗೆ ಅದರ ನೆನಪೂ ಬರಲಿಲ್ಲ. ತುಟಿ ಒಣಗಿದ್ದೊಂದೇ ಗೊತ್ತಾಗುತ್ತಿತ್ತು.

ಎರಡು ಮೂರು ದಿನ ಬಿಟ್ಟು ಕೆಳಗಿಳಿದರೆ ಆಕೆಯ ಬುಟ್ಟಿ ತುಂಬಿದ ಹಾಗೇ ಇದೆ, ಮುಂದೆ ಯಾರೂ ಇಲ್ಲ. ರಸ್ತೆಯಾಚೆಯ ಕೈಗಾಡಿಯ ಸುತ್ತ ನಮ್ಮ ಸೊಸೈಟಿಯ ಹೆಂಗಸರೆಲ್ಲ ನಿಂತಿದ್ದಾರೆ. ಆಕೆ ನನ್ನನ್ನು ಕಂಡರೂ ಕರೆಯಲಿಲ್ಲ. ಲಿಫ್ಟಿನಲ್ಲಿ ಮೇಲಿನ ಮನೆಯಾಕೆ ಸಿಕ್ಕರು.

"ನಿಮ್ಮ ಮಿಸ್ಟರ್ರೇ ಅಲ್ಲಿ ನೀರು ಮುಟ್ಟಲಿಲ್ಲಂತಲ್ಲ? ಟೆಂಪೋದವ ಎಲ್ಲಾರ ಮುಂದೂ ಹೇಳ್ಯಾನ."

"ಅಯ್ಯ, ಅವತ್ತ ಏಕಾದಶಿ ಇತ್ತು."

"ನೀರು ಬಿಡೋದು ಬ್ಯಾಸಗಿಯೊಳಗ ಭೀಮ ಅಗಿಯಾರಸ್‌ಗೆ, ವರ್ಷಕ್ಕೊಮ್ಮೆ. ಪ್ರತಿ ಸಲ ಯಾರು ಬಿಡ್ತಾರ? ಇರಲಿ ಬಿಡ್ರಿ, ಸಾಹೇಬ್ರು ದೊಡ್ಡ ಮನಸ್ಸಿನವರು. ಬಡವರ ಎದುರಿಗೆ ನಿಮ್ಮ ನೀರು ಕೆಟ್ಟದ ಅಂತ ಹೆಂಗ ಹೇಳ್ಯಾರು?"

ಅವರ ಮಹಡಿ ಬಂತು, ಇಳಿದು ಹೋದರು. ನಾನು ನನ್ನ ಮಹಡಿಯ ಗುಂಡಿಯನ್ನೇ ಒತ್ತಿರಲಿಲ್ಲ.

ಮರುದಿನ ತರಕಾರಿಯ ಬೆನ್ ತಾನೇ ಬಾಗಿಲಿಗೆ ಬಂದಳು. ಬುಟ್ಟಿ ಇಳಿಸಲೂ ಇಲ್ಲ.

"ಪಾಲಕ್ ಎಲ್ಲಾ ಎಮ್ಮಿಗೆ ಹಾಕಿದೆ. ಈಗ ಖುಷಿ ಆತೇನು ಬೆನ್? ನಾನೇ ಕರದು, ನಾನೇ ನನ್ನ ಬುಟ್ಟಿಗೆ ಬೆಂಕಿ ಹಚ್ಚಿಗೊಂಡೆ."

"ಖರೇನ ಉಪವಾಸ ಇತ್ತವಾ. ದೇವರಾಣೆ."

"ಮತ್ತ ಅದು ಬಾವಿ ನೀರೇ ಅಲ್ಲ! ನಳದ ನೀರು, ಮಡಕಿಯೊಳಗಿನದು. ಬಾವಿದು ನಾವು ಕುಡಿಯೋದು ಬಿಟ್ಟು ಎಷ್ಟೋ ವರ್ಷ ಆತು."

ನನಗೆ ಎದೆ ಹಗುರಾಯಿತು. "ಹಂಗಾದ್ರ ಅದನ್ನೇ ಹೇಳು ಎಲ್ಲಾರಿಗೂ!"

"ಹೇಳ್ಲಿ? ಹೇಳಿದ್ರ ಏನಂತಾರ? ನೀವೂ ಆ ಬಾವಿ ನೀರು ಕುಡಿಯಂಗಿಲ್ಲೇನು ಅಂತಾರ!"

ನಗು ಬರುವ ಮಾತೇ, ಆದರೆ ಇಬ್ಬರಿಗೂ ಬರಲಿಲ್ಲ.

ಆ ಸಂಜೆ ಇವರು ಬರುವುದನ್ನೇ ಕಾದು ಹೇಳಿದೆ. "ನಾಳೆ ಹೋಗಿ ಎಲ್ಲಾರ ಎದುರಿಗೆ ಒಂದು ಲೋಟ ಕುಡದು ಬರ್ರಿ. ನಿಮ್ಮ ಗಂಟೇನು ಹೋಗ್ತದ?"

"ಕುಡದು ತೋರಿಸೋದು ಪರೀಕ್ಷೆ ಅಲ್ಲ," ಎಂದರು. ಬೂಟು ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ. "ರಿಸಲ್ಟ್ ಬಂದಿಲ್ಲ. ನಾ ಕುಡದೆ ಅಂತ ಜನ ನಂಬಿ ತಿಂದ್ರು ಅಂತ ತಿಳಕೋ. ಆಮ್ಯಾಲೆ ಬಾವಿ ನೀರಾಗ ಏನರ ಸಿಕ್ತು. ಅವರಿಗೆ ಏನ್ ಹೇಳ್ಲಿ?"

"ಮತ್ತ ಆಕಿಗೆ ಏನ್ ಹೇಳ್ತೀರಿ? ಲಗೂನ ರಿಸಲ್ಟ್ ತರಸ್ರಿ ಹಂಗಾದ್ರ."

"ಅದಕ್ಕೂ ಮೊದಲು ಬಂದ ಬಾವಿಗಳು ಸಾಲಿನಾಗ ಅವ. ಅವರೂ ಯಾರರ ಮನಿಯವರೇ."

ಇಲ್ಲೇ ಹುಟ್ಟಿ ಬೆಳೆದ ಮಗಳು ಮೊಬೈಲಿನಿಂದ ಕಣ್ಣೆತ್ತಿದಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಬೇರೆ ಬಸ್ಸು ಹತ್ತುತ್ತದೆ. "ಪಪ್ಪಾ, ಸಿಂಪಲ್ ಅದ. ನೆಕ್ಸ್ಟ್ ಟೈಮ್ ಏಕಾದಶಿಗೆ ಪಾನಿ ಪೀ ಲೋ, ಬಸ್. ದೇವರು ಮೈಂಡ್ ಮಾಡೋದಿಲ್ಲ."

"ದೇವರು ಮಾಡಂಗಿಲ್ಲ, ನಿಮ್ಮಜ್ಜ ಮಾಡ್ತಾನ," ಎಂದು ಇವರು ಗೋಡೆಯ ಮೇಲಿನ ತಮ್ಮ ತಂದೆಯ ಫೋಟೋ ತೋರಿಸಿದರು. ಊಟಕ್ಕೆ ಕೂತರು, ಆದರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಆ ತಟ್ಟೆ ನೋಡಿ ಅದು ಅರ್ಧ ಇಳಿಯಿತು.

ಆ ದಿನಗಳಲ್ಲೆಲ್ಲ ನಾನು ಆಕೆಯ ಬಳಿಯೇ ಕೊಂಡೆ, ಎಲ್ಲರಿಗೂ ಕಾಣುವ ಹಾಗೆ ಕೊಂಡೆ. ಆದರೆ ಮನೆಗೆ ತಂದು ತೊಳೆಯುವಾಗ ಕೈ ನಿಧಾನವಾಗುತ್ತಿತ್ತು. ಎಷ್ಟೋ ವರ್ಷದಿಂದ ತಿಂದ ಸೊಪ್ಪೇ. ಆದರೂ ಪಾತ್ರೆಯ ನೀರನ್ನು ಬಗ್ಗಿ ನೋಡುತ್ತಿದ್ದೆ.

ನಿನ್ನೆ ಮತ್ತೆ ಏಕಾದಶಿ. ನಿನ್ನೆಯೇ ರಿಸಲ್ಟ್ ಬಂತು. ಇವರು ಆಫೀಸಿನಿಂದ ಬಂದವರೇ ಆಕೆಗೆ ಫೋನ್ ಮಾಡಿ, ಕಾರ್ಖಾನೆಯ ವಿಷ ಹೆದರುವಂಥದ್ದೇನೂ ಸಿಕ್ಕಿಲ್ಲ ಎಂದರು. ಆ ಕಡೆಯಿಂದ ಬಂದ ಕೂಗು ಅಡುಗೆಮನೆಗೂ ಕೇಳಿತು. "ಇನ್ನೊಂದು ಮಾತು ಅದ, ಅದನ್ನ ಎದುರಿಗೆ ಹೇಳ್ತೀನಿ, ಬೆಳಿಗ್ಗೆ ಮನೀಗೆ ಬರ್ರಿ," ಎಂದು ಇಟ್ಟರು.

ಇವತ್ತು ಸೂರ್ಯ ಹುಟ್ಟುವ ಮೊದಲೇ ಬಂದಳು, ಒಂದು ತೆಕ್ಕೆ ಪಾಲಕ್ ಹಿಡಿದುಕೊಂಡು. ನಮ್ಮ ಕಡೆ ದ್ವಾದಶಿಗೆ ಅಗಸೆ ಸೊಪ್ಪು ಬೇಕು. ಅದು ಇಲ್ಲಿ ನನ್ನ ಕೈಗೆ ಸಿಗುವುದಿಲ್ಲ. ಈ ಸಲ ಪಾಲಕ್ಕೇ ಆಗಲಿ ಎಂದುಕೊಂಡೆ. ಆಕೆಯನ್ನು ಕೂರಿಸಿ ತಟ್ಟೆಯಲ್ಲಿ ನೀರು ತಂದಿಟ್ಟೆ. ಆಕೆ ಎರಡೂ ಕೈ ಜೋಡಿಸಿ, ಇವರ ಹಾಗೆಯೇ ಕತ್ತು ಓರೆ ಮಾಡಿ, "ಇವತ್ತ ಬ್ಯಾಡ್ರಿ ಬೆನ್, ಉಪವಾಸ," ಎಂದಳು.

ಕಲ್ಲಿನಂಥ ಮುಖ ಮಾಡಿಕೊಂಡೇ ಹೇಳಿದಳು. ನನಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದೆ. ಲೋಟ ಅಲ್ಲೇ ಟೀಪಾಯಿಯ ಮೇಲೆ ಇತ್ತು.

ಪೂಜೆ ಮುಗಿಸಿ ಇವರು ತೀರ್ಥ ತೆಗೆದುಕೊಂಡರು. ತುಟಿ ಒಡೆದಿತ್ತು. ಒಂದು ಉದ್ಧರಣೆ ನೀರು ಕೈಯಿಂದ ಬಾಯಿಗೆ ಹೋಗಿ ಗಂಟಲಿನಲ್ಲಿ ಇಳಿಯುವುದನ್ನು ಆಕೆ ಹಾಲ್‌ನಿಂದ ನೋಡುತ್ತಿದ್ದಳು.

"ನಿನ್ನೆಯಿಂದ ನೀರಿಲ್ಲೇನು? ಖರೇನ?"

ನಿದ್ದೆಗಣ್ಣಿನಲ್ಲಿ ಹೊರಗೆ ಬಂದ ಮಗಳನ್ನು ಕೇಳಿದಳು, ನಮ್ಮನ್ನಲ್ಲ. "ಮಾಸಿ, ಬಿಲ್ಕುಲ್ ನಹೀ. ಪ್ರತಿ ಸಲ ಹಿಂಗೇ. ಇಬ್ಬರೂ ಮ್ಯಾಡ್," ಎಂದಳು ಮಗಳು.

ಆಕೆ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದಳು. "ಸಾಹೇಬ್, ಇಂಥಾ ದೇವರನ್ನ ಊರಾಗ ಬಿಟ್ಟು ಬರಬೇಕಾಗಿತ್ತು ನೀವು," ಎಂದಳು.

ಇವರು ಊಟಕ್ಕೆ ಕೂತು ಪಾಲಕ್ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು. ಕೈತೊಳೆದು ಬಂದು ಆಕೆಯ ಎದುರಿಗೆ ಕೂತು ಇನ್ನೊಂದು ಮಾತು ಹೇಳಿದರು. ಬಾವಿಯಲ್ಲಿ ಉಪ್ಪು ಏರುತ್ತಿದೆ. ಪಾಲಕ್ ಅದನ್ನು ತಡೆದುಕೊಳ್ಳುತ್ತದೆ, ಪಾಪಡಿ ತಡೆಯುವುದಿಲ್ಲ. ಎಲೆಯ ಅಂಚು ಸುಡುತ್ತಿರುವುದು ಅದಕ್ಕೇ. ಕಾಲುವೆಯ ನೀರು ಬಂದಾಗ ಅದನ್ನು ಪಾಪಡಿಗೆ ಬಿಡಬೇಕು, ಬಾವಿಯದ್ದನ್ನು ಪಾಲಕ್ಕಿಗೆ. ಕಾಲುವೆ ಬಾರದ ಕಡೆ ಪಾಪಡಿ ಹಾಕಬಾರದು. ಮಳೆಗಾಲ ಕಳೆದ ಮೇಲೆ ಮತ್ತೆ ಬಾಟಲಿ ತುಂಬಿ ನೋಡಬೇಕು, ಏಕೆಂದರೆ ಈಗಿನ ಮಾತು ಈಗಿನ ನೀರಿಗೆ ಮಾತ್ರ.

"ಪಾಪಡಿ ಬಿಡಬೇಕಾ?" ಆಕೆಯ ಮುಖ ಇಳಿಯಿತು. "ಚಳಿಗಾಲದಾಗ ನನ್ನ ಕೈಗೆ ನಾಕು ಕಾಸು ಬರೋದೇ ಪಾಪಡಿಯಿಂದ."

"ಎಲ್ಲಾ ಬಿಡಂತ ಅನಲಿಲ್ಲ. ಬಾವಿ ಹತ್ತಿರದ ಸಾಲು ಬಿಡ್ರಿ."

"ಒಂದು ಸಾಲು ಬಿಡ್ತೀನಿ."

"ಮೂರು ಬಿಡ್ರಿ."

"ತರಕಾರಿ ಬೆಲಿ ಮಾಡಿದಂಗ ಮಾಡಬ್ಯಾಡ್ರಿ ಸಾಹೇಬ್. ಎರಡು."

ಇವರು ನಕ್ಕುಬಿಟ್ಟರು. ಕಾಲುವೆಗೆ ನೀರು ಬಂದಾಗ ತಾವೇ ಹೋಗಿ ಯಾವ ಸಾಲಿಗೆ ಹೇಗೆ ಎಂದು ನಿಂತು ತೋರಿಸುವುದಾಗಿ ಹೇಳಿದರು. "ಅವತ್ತು ಅಗಿಯಾರಸ್ ಇರಬಾರದು, ಕ್ಯಾಲೆಂಡರ್ ನೋಡಿ ಬರ್ರಿ," ಎಂದು ಆಕೆ ಎದ್ದಳು.

ಬಾಲ್ಕನಿಯಲ್ಲಿ ಬಾಟಲಿಗಳನ್ನು ಚೀಲಕ್ಕೆ ತುಂಬುವಾಗ ಗೇಟಿನಿಂದ ಆಕೆಯ ಗಂಟಲು ಕೇಳಿಸುತ್ತಿತ್ತು. "ನನ್ನ ಕಣ್ಣಾರೆ ನೋಡೀನಿ! ಹಗಲು ರಾತ್ರಿ ಒಂದು ಹನಿ ಇಲ್ಲ! ಆಮ್ಯಾಲೆ ಮೊದಲು ತಿಂದದ್ದೇ ನನ್ನ ಪಾಲಕ್! ವಿಷ ಇಲ್ಲ, ಉಪ್ಪು ಅದ. ಅಡಗಿಗೆ ಒಂದು ಚಿಟಿಕಿ ಕಡಿಮಿ ಹಾಕ್ರಿ, ಅಷ್ಟೇ!"

"ಹಂಗಲ್ಲ ಅದು," ಎಂದು ಇವರು ಒಳಗಿನಿಂದ ಚಡಪಡಿಸಿದರು. "ಎಲಿಯೊಳಗ ಉಪ್ಪಿನ ರುಚಿ ಬರೋದಿಲ್ಲ. ಹೋಗಿ ತಿದ್ದಿ ಬರ್ಲ್ಯಾ?"

"ಸುಮ್ಮ ಕೂಡ್ರಿ," ಎಂದೆ.

ಮೇಲಿನ ಮನೆಯಾಕೆ ಇಳಿದು ಬಂದರು. ಒಂದು ಕಟ್ಟು ಎತ್ತಿ, ಬೇರಿನ ಕಡೆ ಮೂಸಿ, ಇಟ್ಟರು. ಮತ್ತೆ ಎತ್ತಿದರು. ಒಂದೇ ಕಟ್ಟು ಕೊಂಡರು. ಅವರ ಹಿಂದೆ ಇನ್ನಿಬ್ಬರು ಬಂದರು. ರಸ್ತೆಯಾಚೆಯ ಕೈಗಾಡಿಯ ಗುಂಪು ಹಾಗೆಯೇ ಇತ್ತು. ಬಿಸಿಲೇರಿದ ಮೇಲೆ ನಾನು ಇಳಿದು ನೋಡಿದಾಗ ಬುಟ್ಟಿ ಅರ್ಧಕ್ಕೆ ಬಂದಿತ್ತು. ಆಕೆ ನನ್ನನ್ನು ಕಂಡು ಮೊದಲಿನ ಹಾಗೆ, "ಬೆನ್, ಎಳೇದು ಅದ, ಒಯ್ರಿ," ಎಂದು ಕರೆದಳು. ಆ ಕರೆಗಾಗಿ ಇಷ್ಟು ದಿನ ನನ್ನ ಕಿವಿ ಕಾದಿತ್ತು. ಬಾವಿ ಹತ್ತಿರದ ಸಾಲಿನಿಂದ ಕಿತ್ತದ್ದು ಎನ್ನುತ್ತ ಪಾಪಡಿಯನ್ನು ಸೀರೆಯಂಚಿನಲ್ಲಿ ಒರೆಸಿ ನನ್ನ ಚೀಲಕ್ಕೆ ಹಾಕಿದಳು.

ದ್ವಾದಶಿ ರಾತ್ರಿ ಇವರಿಗೆ ಅನ್ನವಿಲ್ಲ. ಹಾಲು ಅವಲಕ್ಕಿ ಕೊಟ್ಟೆ, ಮೇಲೊಂದು ಬಾಳೆಹಣ್ಣು. ನಾನೂ ಮಗಳೂ ರೊಟ್ಟಿ, ಪಾಪಡಿ ಪಲ್ಯ ತಿಂದೆವು. ಕಾಯಿ ಚಿಕ್ಕವು, ಆದರೆ ಕಾಳು ಸಿಹಿಯಾಗಿತ್ತು. ಪರೀಕ್ಷೆಯಿದೆ, ಓದುತ್ತೇನೆ ಎಂದಿದ್ದ ಮಗಳು ಪುಸ್ತಕ ಎದೆಯ ಮೇಲಿಟ್ಟುಕೊಂಡೇ ಮೊದಲು ಮಲಗಿದಳು. ಇವರು ಎರಡು ಲೋಟ ನೀರು ಕುಡಿದು ಆಮೇಲೆ ಮಲಗಿದರು.