ತಪ್ಪಿದ್ದು ಒಂದೇ ಮಾತ್ರೆ

ತಬಲಾ ಮಾಸ್ತರರ ಬಲಗೈ ತೋರುಬೆರಳು ತುದಿಯಲ್ಲಿ ಚಪ್ಪಟೆಯಾಗಿತ್ತು. ಬಾರಿಸುವಾಗ ಕೈಗೆ ಹಚ್ಚಿಕೊಳ್ಳುವ ಪೌಡರ್ ಅಂಗಿಯ ತೋಳಿಗೆ ಯಾವಾಗಲೂ ಮೆತ್ತಿರುತ್ತಿತ್ತು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಕಲಬುರಗಿಗೆ ಬಂದು, ಸೇಡಂ ರಸ್ತೆಯ ನಮ್ಮ ಸಂಗೀತ ಕಾಲೇಜಿನಲ್ಲಿ ಹಾಡುವವರಿಗೆಲ್ಲ ಸಾಥ್ ಕೊಡುತ್ತಿದ್ದರು. ಪರೀಕ್ಷೆಯ ದಿನ ಚೀಲದಲ್ಲಿ ತಮ್ಮೂರಿನ ಕೆಂಪು ಬಾಳೆಹಣ್ಣು ತರುತ್ತಿದ್ದರು. "ಹಸಗೊಂಡು ಹಾಡಬ್ಯಾಡ್ರಿ, ದನಿ ನಡಗ್ತದ," ಎಂದು ಒಬ್ಬೊಬ್ಬರ ಕೈಗೂ ಒಂದೊಂದು ಇಡುತ್ತಿದ್ದರು.

ನನಗೊಂದು ಕೆಟ್ಟ ಚಾಳಿ. ಹಾಡುವಾಗ ತಪ್ಪಿದರೆ ಹಣೆ ಬಡಿದುಕೊಳ್ಳುತ್ತಿದ್ದೆ. ಮನೆಗೆ ಹೋಗಿಯೂ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಹಾಗೆ ಬೈದುಕೊಳ್ಳದಿದ್ದರೆ ವಿದ್ಯೆ ಹತ್ತುವುದಿಲ್ಲ ಎಂಬ ಶಾಣ್ಯಾತನ ಬೇರೆ! ಮೊದಲ ಸಲ ಪರೀಕ್ಷೆಯಲ್ಲಿ ತಪ್ಪಿ, ನಡುವೆಯೇ ಎದ್ದುಬಂದು ಫೇಲಾದೆ. ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ, "ಇನ್ನೊಮ್ಮಿ ಫೇಲಾದ್ರ ಸಂಗೀತ ಸಾಕು," ಎಂದುಬಿಟ್ಟರು.

ಎರಡನೇ ಸಲವೂ ಅದೇ ಆಯಿತು. ನಡುವೆ ಒಂದು ಸಾಲು ಮರೆತುಹೋಗಿ ಕೈ ಹಣೆಗೆ ಹೋಯಿತು. ತಕ್ಷಣ ತಬಲಾ ನಿಂತಿತು. "ಸುರ್ ಇಳದದರೀ, ಒಂದ್ ನಿಮಿಷ," ಎಂದು ಪರೀಕ್ಷಕರಿಗೆ ಹೇಳಿ ಮಾಸ್ತರರು ಸುತ್ತಿಗೆಯಿಂದ ತಬಲಾದ ಅಂಚಿಗೆ ಬಡಿಯತೊಡಗಿದರು. ತಲೆ ಎತ್ತದೆ ನನಗೆ ಮೆಲ್ಲಗೆ ಅಂದರು:

"ತಪ್ಪಿದ್ದು ಒಂದು ಮಾತ್ರಿ. ಬೈಕೊಳ್ಳಾಕ ನಾಕು ಮಾತ್ರಿ ಕಳೀತಿ. ಮುಂದಿನ ಸಮಕ್ಕ ಬಾ ಯವ್ವಾ, ನಾ ಅಲ್ಲೇ ಇರ್ತೀನಿ."

ಮಾತ್ರೆ ಎಂದರೆ ತಾಳದ ಒಂದು ಎಣಿಕೆ. ಸಮ ಎಂದರೆ ತಾಳ ಸುತ್ತಿಬಂದು ಮತ್ತೆ ಮೊದಲಾಗುವ ಜಾಗ. ತಬಲಾ ಮತ್ತೆ ಶುರುವಾಯಿತು; ಸಮ ಬಂದಾಗ ಅಲ್ಲಿಂದ ಎತ್ತಿಕೊಂಡು ಹಾಡಿದೆ. ಪಾಸಾದೆ.

ಅವತ್ತು ಹೊರಗೆ ಬಂದ ಮೇಲೆ, "ಸರ್, ತಬಲಾ ಖರೇನ ಇಳದಿತ್ತೇನ್ರಿ?" ಎಂದು ಕೇಳಿದೆ.

"ಎಲ್ಲೀದು! ಮುಂಜಾನಿಂದ ಸುರ್‌ನ್ಯಾಗ ಇತ್ತು." ನಕ್ಕು, ಬಾಳೆಹಣ್ಣು ಸುಲಿಯುತ್ತ ಕೇಳಿದರು, "ನಿನ್ನ ಗೆಳತಿ ತಪ್ಪಿದ್ರ ಆಕಿ ಹಣಿಗಿ ಹೊಡೀತೀಯೇನು?"

"ಇಲ್ರಿ."

"ಮತ್ತ ನೀ ಏನ್ ಪಾಪ ಮಾಡೀಯವ್ವಾ?"

ಸುಳ್ಳು ಯಾಕೆ ಹೇಳಲಿ, ಆ ಹೊತ್ತು ಅಪ್ಪನಿಗಿಂತ ಅವರ ಮೇಲೆಯೇ ನನಗೆ ಹೆಚ್ಚು ಪ್ರೀತಿ ಬಂತು.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಮೂರನೇ ದಿನ ಕಮಲಾಪುರದ ಅವರ ಮನೆಯಲ್ಲಿ ಹಾಡಲು ಕೂತೆ. ತಬಲಾಕ್ಕೆ ಗವಸು ಹಾಕಿ ಮೂಲೆಯಲ್ಲಿಟ್ಟಿದ್ದರು. ಅಳು ಒತ್ತರಿಸಿ ಬಂದು ಸಾಲು ತಪ್ಪಿತು. ಹಣೆಗೆ ಹೊರಟ ಕೈಯನ್ನು ತೊಡೆಯ ಮೇಲಿಳಿಸಿ ತಾಳ ಹಾಕುತ್ತ ಸಮಕ್ಕೆ ಕಾದೆ. ಸಮ ಬಂತು. ಅವರು ಅಲ್ಲಿರಲಿಲ್ಲ. ಹಾಡು ಮುಗಿಸಿಯೇ ಎದ್ದೆ.