ನಾಮಿನಿ ಜಾಗದಲ್ಲಿ ನನ್ನ ಹೆಸರು

ಮಿತ್ರರೇ, ಇಂದು ಮೊಮ್ಮಗಳು ಕಾವ್ಯಾಳಿಗೆ ವಿದ್ಯಾರ್ಥಿ ಖಾತೆ ತೆರೆಸಲು ಕೊಟ್ಟೂರಿನ ಬ್ಯಾಂಕಿಗೆ ಹೋಗಿದ್ದೆ. ನಾಳೆ ಅವಳು ಮೊದಲ ಬಾರಿಗೆ ಒಬ್ಬಳೇ ಧಾರವಾಡದ ಕಾಲೇಜಿಗೆ ಹೊರಡುತ್ತಾಳೆ. ಇದ್ದ ಎರಡು ಬಗೆಯ ಖಾತೆಗಳಲ್ಲಿ ಪ್ರಯಾಣ ಸೌಲಭ್ಯಗಳಿರುವುದನ್ನೇ ಅವಳು ಆರಿಸಿದಳು.

"ವಿಮಾನ ನಿಲ್ದಾಣದಾಗ ಕುಂದ್ರಾಕ, ತಿನ್ನಾಕ ಫ್ರೀ ಐತಿ ಅಜ್ಜಾ!"

"ನೀ ಹೋಗೋದು ಕೆಂಪು ಬಸ್ಸಿನಾಗವ್ವ."

"ಮುಂದ ವಿಮಾನ ಹತ್ತಂಗಿಲ್ಲೇನು?"

ನಾನು ಅರ್ಜಿಯ ಪ್ರತಿ ಸಾಲನ್ನೂ ಓದುವವನು. ಪ್ರಯಾಣದಲ್ಲಿ ಖಾತೆದಾರರು ಮೃತಪಟ್ಟರೆ ವಿಮೆಯ ಹಣ ನಾಮಿನಿಗೆ ಸಲ್ಲುತ್ತದೆ ಎಂದಿತ್ತು. ಅದರ ಕೆಳಗೆ ಅವಳು ನನ್ನ ಹೆಸರನ್ನು ದುಂಡಗೆ ಬರೆದಿದ್ದಳು. ಹೊಸ್ತಿಲು ದಾಟುವವರು ‘ಹೋಗ್ತೀನಿ’ ಎಂದರೂ ತಡೆದು, ‘ಹೋಗಿ ಬರ್ತೀನಿ’ ಎನ್ನಿಸುವ ಮನೆ ನಮ್ಮದು.

"ಈ ಸೌಲಭ್ಯ ಬ್ಯಾಡ್ರಿ. ಸಾದಾ ಖಾತೆ ಕೊಡ್ರಿ," ಎಂದೆ.

ಕೌಂಟರಿನ ಹುಡುಗಿ ನಕ್ಕಳು. "ಅದಕ್ಕೂ ನಾಮಿನಿ ಬರೀಬೇಕ್ರಿ ಸರ."

"ಅದೊಂದು ಖಾಲಿ ಇರ್ಲಿ ಬಿಡವ್ವ."

"ಹಂಗ ಬಿಡಾಕ ಬರಂಗಿಲ್ರಿ."

ಕಾವ್ಯಾ ನನ್ನ ಕೈಯಿಂದ ಅರ್ಜಿ ಕಿತ್ತುಕೊಂಡು ಸಹಿ ಹಾಕಿದಳು.

‘ಬಿಟ್ಟ ಸ್ಥಳ ತುಂಬಿರಿ’ ಎಂದು ಸೇವಾವಧಿಯುದ್ದಕ್ಕೂ ಮಕ್ಕಳನ್ನು ಗದರಿದವನು ನಾನು. ಇಂದು ಒಂದೇ ಒಂದು ಸ್ಥಳವನ್ನು ಖಾಲಿ ಬಿಡಿರೆಂದು ಬೇಡಿಕೊಂಡೆ. ಯಾರೂ ಕೃಪಾಂಕ ಕೊಡಲಿಲ್ಲ.